ಹೊಲದಾಗೆ ಕಿತ್ತರೂ ಸಾಯದ ಗರಿಕೆ, ಮೈದಾನದಾಗೆ ಕಾಯದಿದ್ದರೆ ಉಳಿಯದು

ಕಡಲೆಕಾಯಿ ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಕೈ ಸವೆದವರು ನಾವು. ಮಡಕಶಿರಾ ಸೀಮೆಯ ಯಾವ ರೈತನನ್ನು ಕೇಳಿದರೂ ಗರಿಕೆ ಅಂದರೆ ಚೌತಿಯ ದಿನ ಗಣಪತಿಗೆ, ಉಳಿದ ದಿನ ನಮಗೆ ಶನಿ ಅಂತಾನೆ. ತೆಲುಗಿನವರೂ 'ಗರಿಕ' ಅಂತಲೇ ಅನ್ನೋದು. ಹೆಸರೂ ಒಂದೇ, ಬೈಯೋದೂ ಒಂದೇ. ಇಂಥ ಗರಿಕೆಯನ್ನು ಸಂಬಳ ಕೊಟ್ಟು ಸಾಕಿಸೋರು ಇದ್ದಾರೆ, ಅದು ಬಾಡಿದರೆ ನಿದ್ದೆಗೆಡೋರು ಇದ್ದಾರೆ ಅಂದರೆ ನಮ್ಮಪ್ಪ ನಗುತ್ತಿದ್ದ. ನಾನೂ ನಕ್ಕವನೇ. ಅರ್ಧ ಎಕರೆಗೆ ಲಾನ್ ಹುಲ್ಲು ಹಾಕಿ ಕೈ ಸುಟ್ಟುಕೊಂಡ ಮೇಲೆ ನಗು ನಿಂತಿತು.

2024ರ ಸೆಪ್ಟೆಂಬರಿನಲ್ಲಿ ಅನಂತಪುರದ ಆರ್.ಡಿ.ಟಿ. ಮೈದಾನದಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದವು. ನಮ್ಮೂರ ಹುಡುಗರು ಟೆಂಪೋ ಮಾಡಿಕೊಂಡು ಹೊರಟರು, ನಾನೂ ಹತ್ತಿದೆ. ಅವರು ಬ್ಯಾಟು ನೋಡಿದರು, ನಾನು ಹುಲ್ಲು ನೋಡಿದೆ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಅಂಥ ನೆಲದಲ್ಲಿ ಹಸಿರು ಹಾಸಿದ್ದಾರೆ ಅಂದರೆ ಅದರ ಹಿಂದೆ ಯಾರೋ ವರ್ಷಪೂರ್ತಿ ದುಡಿದಿದ್ದಾರೆ ಅಂತಲೇ ಅರ್ಥ.

ಅದೇ ತಿಂಗಳು 9ರಿಂದ 13ರವರೆಗೆ ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದಲ್ಲಿ ಆಫ್ಘಾನಿಸ್ತಾನ–ನ್ಯೂಜಿಲೆಂಡ್ ಟೆಸ್ಟ್ ಇತ್ತು. ಐದು ದಿನದಲ್ಲಿ ಒಂದು ಚೆಂಡೂ ಬೀಳಲಿಲ್ಲ. ಮೊದಲ ದಿನ ಬಿಸಿಲೇ ಇತ್ತು, ಆದರೆ ಹಿಂದೆ ಬಿದ್ದ ಮಳೆಯ ನೀರು ಇಳಿಯದೆ ಹುಲ್ಲಿನಡಿ ನಿಂತಿತ್ತು. ಫ್ಯಾನು ತಂದು ಗಾಳಿ ಹಾಕಿದರು. ಒದ್ದೆ ಹುಲ್ಲು ಅಗೆದು ತೆಗೆದು ಬೇರೆ ಕಡೆಯ ಹುಲ್ಲು ತಂದು ತೇಪೆ ಹಚ್ಚಿದರು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ನೀರು ಬಂದೀತೇ?

ದೂರದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ನಾವಂತೀವಿ, 'ದೂರಪು ಕೊಂಡಲು ನುನುಪು' ಅಂತ ತೆಲುಗಿನವರಂತಾರೆ. ಮೈದಾನವೂ ಹಂಗೇ. ಗ್ಯಾಲರಿಯಿಂದ ನೋಡಿದರೆ ಹಸಿರು ಕಂಬಳಿ, ಹತ್ತಿರ ಹೋದರೆ ಅದೂ ಒಂದು ಬೆಳೆ. ನಮ್ಮ ಬೆಳೆಗಿರುವ ಕಷ್ಟವೆಲ್ಲ ಅದಕ್ಕೂ ಐತೆ, ಮೇಲೆ ಬೂಟುಗಾಲಿನ ತುಳಿತ ಬೇರೆ.

ನಮ್ಮೂರ ಹುಡುಗನೊಬ್ಬ ಬೆಂಗಳೂರಿನ ಕಡೆ ಒಂದು ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಅವನನ್ನು ಜಗುಲಿ ಮೇಲೆ ಕೂರಿಸಿಕೊಂಡು ಕೇಳಿದೆ. "ದೊಡ್ಡಪ್ಪ, ಹುಲ್ಲು ಬೆಳೆಸೋದು ಕಷ್ಟ ಅಲ್ಲ. ಮುಂದಿನ ಕಾಲಕ್ಕೆ ಈಗಲೇ ತಯಾರು ಮಾಡೋದು ಕಷ್ಟ" ಅಂದ. ಅವನು ಹೇಳಿದ್ದನ್ನು, ನಾನು ಪೆಟ್ಟು ತಿಂದು ಕಲಿತದ್ದನ್ನು ಸೇರಿಸಿ ಬರೀತೀನಿ.

ಕಾಲಕ್ಕೊಂದು ಕಷ್ಟ

ಬೇಸಿಗೆಯಲ್ಲಿ ಎಲ್ಲರೂ ಮಾಡುವ ತಪ್ಪು, ಸಂಜೆ ಹೊತ್ತು ದಿನಾ ಒಂದಿಷ್ಟು ನೀರು ಚಿಮುಕಿಸೋದು. ನೀರು ಮೇಲೇ ನಿಂತರೆ ಬೇರೂ ಮೇಲೇ ನಿಲ್ಲುತ್ತದೆ, ಬಿಸಿಲಿಗೆ ಮೊದಲು ಸಾಯೋದು ಅದೇ. ಎರಡು ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ, ಗೇಣುದ್ದ ಇಳಿಯುವಂತೆ ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆ, ಬೂಜಿಗೆ ಹಾಸಿಗೆ ಹಾಸಿಕೊಟ್ಟಂಗೆ.

ಹುಲ್ಲು ಕತ್ತರಿಸುವಾಗ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೇ ತೆಗೆಯಬಾರದು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಎತ್ತರ ಬಿಟ್ಟರೆ ನೆಲಕ್ಕೆ ನೆರಳು, ಬೇರಿಗೆ ತಂಪು. ಯಂತ್ರದ ಅಲಗು ಮೊಂಡಾಗಿದ್ದರೆ ಎಲೆ ಕತ್ತರಿಸದೆ ಹರಿಯುತ್ತದೆ. ತುದಿ ಕಂದಾಗಿ, ಗಾಯದಿಂದ ನೀರು ಆರಿ, ರೋಗ ಒಳಗೆ ಹೋಗುತ್ತದೆ. ಮೊಂಡು ಕುಡುಗೋಲು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೋರಿನ ಉಪ್ಪುನೀರು ಇನ್ನೊಂದು ಕಂಟಕ. ನೆಲದ ಮೇಲೆ ಬಿಳಿ ಪೊರೆ ಕಂಡರೆ ಹುಷಾರಾಗಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕಿ, ಮಳೆನೀರು ಸಿಕ್ಕಾಗ ಉಪ್ಪು ಕೆಳಗಿಳಿಯುವಂತೆ ತೊಳೆಯಬೇಕು. ಜಿಪ್ಸಂ ನಮಗೆ ಹೊಸದಲ್ಲ, ಕಡಲೆಕಾಯಿಗೆ ಊಡು ಇಳಿಯುವ ಹೊತ್ತಿಗೆ ಹಾಕುತ್ತಲೇ ಬಂದಿದ್ದೀವಿ.

ಮುಂಗಾರಿಗೆ ಮೊದಲೇ ಮಾಡುವ ಕೆಲಸ ಮೂರು. ತುಳಿದು ಬಿಗಿದ ನೆಲಕ್ಕೆ ಬೆರಳುದ್ದದ ತೂತು ಹೊಡೆದು ಮರಳು ತುಂಬೋದು, ಕಾಲುವೆ ಚೊಕ್ಕ ಮಾಡೋದು, ಯೂರಿಯಾ ಕೈ ಬಿಗಿ ಹಿಡಿಯೋದು. ಯೂರಿಯಾ ಹೆಚ್ಚಾದರೆ ಹುಲ್ಲು ಮೆತ್ತಗೆ ಕೊಬ್ಬುತ್ತದೆ, ಮೋಡ ಕವಿದ ನಾಲ್ಕು ದಿನದಲ್ಲಿ ರೋಗ ಹಿಡಿಯುತ್ತದೆ. ಬೆಳಗ್ಗೆ ಇಬ್ಬರು ಎರಡು ತುದಿ ಹಿಡಿದು ಮೈದಾನದ ಮೇಲೆ ಹಗ್ಗ ಎಳೆದುಕೊಂಡು ಹೋಗೋದನ್ನು ನೋಡಿ 'ಇದೇನು ಆಟ' ಅಂದಿದ್ದೆ. ಎಲೆ ಮೇಲಿನ ಇಬ್ಬನಿ ಉದುರಿಸೋ ಉಪಾಯ ಅದು.

ಡಿಸೆಂಬರ್, ಜನವರಿಯ ಚಳಿಗೆ ಗರಿಕೆ ಮಂಕಾಗುತ್ತದೆ. ಬೆಳೆಯೋದು ನಿಧಾನ, ತುಳಿದ ಗಾಯ ಮಾಯೋದೂ ನಿಧಾನ. ಆಗ ಗೊಬ್ಬರ ಸುರಿದು ಎಬ್ಬಿಸಬಾರದು, ಆಡುವ ಜಾಗ ಬದಲಾಯಿಸಿ ವಿಶ್ರಾಂತಿ ಕೊಡಬೇಕು.

ನೆಲ ಒಣಗಿದರೂ ಆಕಾಶ ನಮ್ಮದಲ್ಲ

ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ 2017ರ ಹೊತ್ತಿಗೆ ಮರಳಿನ ತಳ ಹಾಕಿ, ಅಡಿಯಲ್ಲಿ ಕೊಳವೆ ಹೂಡಿ, ನೀರನ್ನು ಯಂತ್ರದಿಂದ ಎಳೆದು ಹಾಕುವ ಸಬ್‌ಏರ್ ವ್ಯವಸ್ಥೆ ಕೂಡಿಸಿದರು. ಮಳೆ ನಿಂತ ಸ್ವಲ್ಪ ಹೊತ್ತಿಗೇ ಅಲ್ಲಿ ಆಟ ಶುರುವಾಗಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀವಿ. ಆದರೂ 2024ರ ಅಕ್ಟೋಬರಿನ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. ಮಾರನೇ ದಿನ ಭಾರತ 46 ರನ್ನಿಗೆ ಆಲೌಟಾಯಿತು. 2025ರ ಮೇ 17ರ ಐ.ಪಿ.ಎಲ್. ಪಂದ್ಯದಲ್ಲಂತೂ ಟಾಸೂ ಆಗಲಿಲ್ಲ. ಯಂತ್ರ ನೆಲದ ನೀರು ಎಳೀಬಹುದು, ಮೋಡವನ್ನು ಎಳೆಯೋಕಾಗಲ್ಲ. ತಯಾರಿ ಅಂದರೆ ಕಷ್ಟ ಬರೋದೇ ಇಲ್ಲ ಅಂತಲ್ಲ, ಬಂದ ಮೇಲೆ ಬೇಗ ಏಳೋದು ಅಂತ.

ಬೇವಿನ ಮರ ಹೇಳಿದ್ದನ್ನು ಕೇಳಲಿಲ್ಲ

ಈಗ ನನ್ನ ಕತೆ. ಕಡಲೆಕಾಯಿ ಸತತ ಕೈಕೊಟ್ಟಾಗ ವ್ಯಾಪಾರಿಯೊಬ್ಬರ ಮಾತು ಕೇಳಿ ಬೋರಿನ ಪಕ್ಕದ ಅರ್ಧ ಎಕರೆಗೆ ಲಾನ್ ಹುಲ್ಲು ಹಾಕಿದೆ. ಗೆಣ್ಣು ನೆಟ್ಟು ಬೆಳೆಸಿ, ಚೌಕ ಚೌಕ ಕತ್ತರಿಸಿ, ಚಾಪೆಯಂತೆ ಸುತ್ತಿ ಲಾರಿಗೇರಿಸೋದು. ಮೊದಲ ವರ್ಷ ನಾಲ್ಕು ಕಾಸು ಕಂಡೆ.

ಎರಡನೇ ವರ್ಷ ಆಗಸ್ಟಿನಲ್ಲಿ ಅಲ್ಲಲ್ಲಿ ಹುಲ್ಲು ಹಳದಿಯಾಯಿತು. ನೀರು ಸಾಲದು ಅಂದುಕೊಂಡು ಹೆಚ್ಚು ಬಿಟ್ಟೆ. ಹಳದಿ ಹರಡಿತು. ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಎರಚಿದೆ. ಇನ್ನೂ ಹರಡಿತು. ಕೊನೆಗೆ ಲಾರಿ ತಂದ ವ್ಯಾಪಾರಿ ಬಗ್ಗಿ ಒಂದು ಹಿಡಿ ಹುಲ್ಲು ಎಳೆದರು, ಹಾಸಿಗೆ ಸುತ್ತಿದಂತೆ ಮೇಲೆದ್ದು ಬಂತು. ಕೆಳಗೆ ಬೇರೇ ಇಲ್ಲ. ಮಣ್ಣಲ್ಲಿ ದಪ್ಪ ದಪ್ಪ ಬಿಳೀ ಗೊಣ್ಣೆಹುಳ ಸುತ್ತಿಕೊಂಡು ಮಲಗಿದ್ದವು. ಲಾರಿ ಖಾಲಿ ಹೋಯಿತು.

ನನ್ನನ್ನು ಸುಟ್ಟಿದ್ದು ನಷ್ಟ ಅಲ್ಲ, ನಾಚಿಕೆ. ಗೊಣ್ಣೆಹುಳ ನನಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿಂದೆದ್ದು ಬೇವಿನ ಮರಕ್ಕೆ ಮುತ್ತುತ್ತವೆ. ನಮ್ಮಪ್ಪ ಲಾಟೀನು ಹಿಡಿದು, ಕೊಂಬೆ ಅಲುಗಿಸಿ, ಬಿದ್ದ ದುಂಬಿಯನ್ನು ಸೀಮೆಎಣ್ಣೆ ನೀರಿಗೆ ಹಾಕುತ್ತಿದ್ದ. ಆ ದುಂಬಿ ನೆಲದಲ್ಲಿಟ್ಟ ಮೊಟ್ಟೆಯೇ ಆಗಸ್ಟಿಗೆ ಬೇರು ತಿನ್ನುವ ಹುಳ. ಆ ವರ್ಷವೂ ಬೇವಿನ ಮರದ ಎಲೆ ಜರಡಿಯಾಗಿದ್ದನ್ನು ಕಣ್ಣಾರೆ ಕಂಡಿದ್ದೆ. 'ಅದು ಕಡಲೆಕಾಯಿ ಹುಳ, ಇದು ಲಾನು' ಅಂತ ಸುಮ್ಮನಿದ್ದೆ. ಹುಳಕ್ಕೆ ಆ ಭೇದ ಇಲ್ಲ. ಮೇಲಾಗಿ ಅರೆಕೊಳೆತ ತಿಪ್ಪೆಗೊಬ್ಬರ ಹಾಕಿ ದುಂಬಿಯನ್ನು ನಾನೇ ಕರೆದಿದ್ದೆ.

ಈಗ ಮೊದಲ ಮಳೆಗೆ ಮರದ ಕೆಳಗೆ ದೀಪ ಹಚ್ಚುತ್ತೀನಿ. ಚೆನ್ನಾಗಿ ಕೊಳೆತ ಗೊಬ್ಬರಕ್ಕೆ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಬೆರೆಸಿ ಹಾಕುತ್ತೀನಿ. ಹುಲ್ಲು ಹಳದಿಯಾದರೆ ನೀರಿನ ವಾಲ್ವಿಗೆ ಕೈ ಹಾಕುವ ಮುಂಚೆ ಒಂದು ಹಿಡಿ ಎಳೆದು ಬೇರು ನೋಡುತ್ತೀನಿ.

ಒಬ್ಬನೇ ಮನುಷ್ಯ, ಸಜ್ಜೆಯೂ ಹುಲ್ಲೂ

ಅಮೆರಿಕದ ಜಾರ್ಜಿಯಾದ ಟಿಫ್ಟನ್ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿ ವಿಜ್ಞಾನಿ ಇದ್ದರು (1910–2005). ಮೈದಾನಕ್ಕೆ ಹಾಕುವ ಟಿಫ್‌ವೇ, ಟಿಫ್‌ಡ್ವಾರ್ಫ್ ಗರಿಕೆ ತಳಿಗಳು ಅವರ ಕೆಲಸ. ಟಿಫ್‌ಡ್ವಾರ್ಫ್ ಬಂದದ್ದು 1965ರಲ್ಲಿ. ಅವರದೇ ಟಿಫ್ಟ್ 23 ಎ ಎಂಬ ಸಜ್ಜೆ ತಳಿಯಿಂದ ಅದೇ 1965ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಸಜ್ಜೆ ಎಚ್.ಬಿ.-1 ಬಿಡುಗಡೆಯಾಯಿತು. ಇಳುವರಿ ಏರಿತು, ಎಲ್ಲೆಲ್ಲೂ ಅದೇ ರಕ್ತದ ಸಜ್ಜೆ ತುಂಬಿತು. 1970ರ ದಶಕದ ಆರಂಭದಲ್ಲಿ ಕೇದಿಗೆ ರೋಗ ಬಂದು, ತೆನೆ ಕಾಳಾಗದೆ ಎಲೆ ಎಲೆಯಾಗಿ ನೆಲ ಕಚ್ಚಿತು.

ಮೈದಾನದ ಹೈಬ್ರಿಡ್ ಗರಿಕೆಗೆ ಬೀಜವೇ ಆಗೋದಿಲ್ಲ, ಗೆಣ್ಣಿಂದ ಗೆಣ್ಣಿಗೆ ಒಂದೇ ಗಿಡ ಎಲ್ಲೆಡೆ ಹಬ್ಬಿರೋದು. ಒಂದು ಮೂಲೆಗೆ ಬಂದ ರೋಗಕ್ಕೆ ಇನ್ನೊಂದು ಮೂಲೆಯಲ್ಲಿ ತಡೆ ಇರೋದಿಲ್ಲ. ಅದಕ್ಕೇ ಸಣ್ಣ ಮಚ್ಚೆ ಕಂಡಾಗಲೇ ನೋಡಬೇಕು.

ನೆನೆಸದೆ ಬರುವ ಕಷ್ಟ ಅಂದರೆ ಏನು ಅಂತ ಅನಂತಪುರದವರಿಗೆ 2000ನೇ ಇಸವಿ ತೋರಿಸಿಕೊಟ್ಟಿತು. ಆ ಮುಂಗಾರಿನಲ್ಲಿ ಕಡಲೆಕಾಯಿಗೆ ಕಾಂಡ ಕೊಳೆಸುವ ವೈರಸ್ ಬಂದು ಜಿಲ್ಲೆಯಲ್ಲಿ ಸುಮಾರು ಎರಡೂಕಾಲು ಲಕ್ಷ ಹೆಕ್ಟೇರಿಗೆ ಹರಡಿತು. ಅದು ಬಂದದ್ದು ಬದುವಿನ ಕಾಂಗ್ರೆಸ್ ಗಿಡದ ಪರಾಗದಿಂದ, ಹೊತ್ತು ತಂದದ್ದು ಥ್ರಿಪ್ಸ್ ನುಸಿ. ಬೆಳೆ ನೋಡುತ್ತಿದ್ದೆವು, ಬದು ನೋಡಲಿಲ್ಲ. ಮೈದಾನದವರಿಗೂ ಇದೇ ಮಾತು. ಗಡಿಯಾಚೆ ಏನು ಬೆಳೆದಿದೆ, ಕಾಲುವೆ ಎಲ್ಲಿಂದ ಬರುತ್ತದೆ ಅಂತ ನೋಡಬೇಕು.

ಕುಡಿಯೋ ನೀರು ಮತ್ತು ಹುಲ್ಲಿನ ನೀರು

ಒಂದು ಮಾತು ಹೇಳದಿದ್ದರೆ ತಪ್ಪಾದೀತು. 2016ರ ಬರದಲ್ಲಿ ಬಾಂಬೆ ಹೈಕೋರ್ಟು ಏಪ್ರಿಲ್ 30ರ ನಂತರದ ಐ.ಪಿ.ಎಲ್. ಪಂದ್ಯಗಳನ್ನು ಮಹಾರಾಷ್ಟ್ರದಿಂದ ಆಚೆ ಕಳಿಸಿತು. ಬಿಂದಿಗೆ ಹಿಡಿದು ಸಾಲು ನಿಂತವರ ಮುಂದೆ ಹುಲ್ಲಿಗೆ ನೀರು ಬಿಡೋದು ಹೆಂಗೆ? 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರು ಸಾಲದಾದಾಗ ಚಿನ್ನಸ್ವಾಮಿ ಮೈದಾನಕ್ಕೆ ಕಬ್ಬನ್ ಪಾರ್ಕಿನ ಘಟಕದ ಶುದ್ಧೀಕರಿಸಿದ ಕೊಳಚೆ ನೀರು ಕೊಟ್ಟರು. ಅದು ಸರಿಯಾದ ದಾರಿ. ಬರ ಬಂದ ಮೇಲೆ ಹುಡುಕುವ ಬದಲು ಮೊದಲೇ ಕೊಳವೆ ಎಳೆದಿಡೋದು ಇನ್ನೂ ಸರಿ.

ಅದೇ 2024ರಲ್ಲಿ ಐ.ಪಿ.ಎಲ್. ಮುಗಿದ ಮೇಲೆ ಹತ್ತು ಮುಖ್ಯ ಮೈದಾನಗಳ ಸಿಬ್ಬಂದಿಗೆ ತಲಾ 25 ಲಕ್ಷ ರೂಪಾಯಿ ಬಹುಮಾನ ಸಾರಿದರು. ಒಳ್ಳೆ ಕೆಲಸ. ಆದರೆ ನಮ್ಮೂರ ಹುಡುಗನಂತೆ ಸಣ್ಣ ಮೈದಾನದಲ್ಲಿ ದಿನಗೂಲಿಗೆ ಹುಲ್ಲು ಕಾಯುವವರಿಗೆ ಅದು ಮುಟ್ಟೋದಿಲ್ಲ. ಮಳೆ ಬಂದರೆ ಆಟ ಇಲ್ಲ, ಆಟ ಇಲ್ಲದಿದ್ದರೆ ಕೂಲಿ ಇಲ್ಲ. ಹುಲ್ಲು ಸತ್ತರೆ ಮಾತ್ರ ಮೊದಲು ಕೇಳೋದು ಅವನನ್ನೇ.

ಅವನ ಜೇಬಿನಲ್ಲಿ ಒಂದು ಹಳೇ ನೋಟ್ ಬುಕ್ಕು. ಮಳೆ ಎಷ್ಟು ಬಿತ್ತು, ನೀರು ಯಾವಾಗ ಬಿಟ್ಟ, ಮಚ್ಚೆ ಯಾವ ಮೂಲೆಯಲ್ಲಿ ಕಂಡಿತು, ಏನು ಹಾಕಿದ, ಎಷ್ಟು ದಿನಕ್ಕೆ ಹೋಯಿತು, ಎಲ್ಲ ಬರೆದಿದ್ದಾನೆ. ಒಂದು ಪುಟ ಕನ್ನಡ, ಒಂದು ಪುಟ ತೆಲುಗು. "ಹೋದ ವರ್ಷ ಈ ದಿನ ಏನಾಗಿತ್ತು ಅಂತ ದಿನಾ ಬೆಳಗ್ಗೆ ನೋಡ್ಕೊಂಡು ಕೆಲಸಕ್ಕೆ ಇಳೀತೀನಿ ದೊಡ್ಡಪ್ಪ" ಅಂದ.

ಎರಡು ಭಾಷೆಯಲ್ಲಿ ಪದ್ಯ ಬರೆದು ಟ್ರಂಕು ತುಂಬಿದ್ದೀನಿ. ನನ್ನ ಹೊಲದ ಬಗ್ಗೆ ಅಂಥ ಒಂದು ಪುಟ ಬರೆದಿರಲಿಲ್ಲ. ಈ ಯುಗಾದಿಯಿಂದ ಶುರು ಮಾಡಿದ್ದೀನಿ. ಮೊದಲ ಸಾಲು: ಬೇವಿನ ಮರ ನೋಡು.