‘ಕಾಲ್ಡ್ ಆಫ್’ ಅಂದ್ರೆ ಕರೆದಿದ್ದಾರೆ ಅಂತಲ್ಲ!

ಮಗನ ಸ್ಕೂಲ್ ಡೈರಿಯಲ್ಲಿ ‘ಶನಿವಾರದ ಪೇರೆಂಟ್ಸ್ ಮೀಟಿಂಗ್ ಕಾಲ್ಡ್ ಆಫ್’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ‘ಕಾಲ್’ ಅಂದ್ರೆ ಕರೆಯೋದು ತಾನೇ? ಬೇಗ ಅಡುಗೆ ಮುಗಿಸಿ, ಒಳ್ಳೆ ಸೀರೆ ಉಟ್ಟು ಹೊರಟೆ. ಗೇಟಿನಲ್ಲಿ ವಾಚ್‌ಮನ್, “ಮೀಟಿಂಗ್ ಕ್ಯಾನ್ಸಲ್ ಆಗೇತ್ರಿ ಮೇಡಂ, ಡೈರಿ ನೋಡಿಲ್ಲೇನ್ರಿ?” ಅಂದ. ಸಂಜೆ ಮಗ, “ಇನ್ಮೇಲೆ ಡೈರಿ ಅಪ್ಪನಿಗೇ ತೋರಿಸ್ತೀನಿ” ಅಂದಾಗ ಕಣ್ಣಲ್ಲಿ ನೀರೇ ಬಂತು.

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದ್ದು 2007ರಲ್ಲಿ. ನಮಗೆಲ್ಲ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಬಿ.ಎ. ಮುಗಿಸಿದರೂ ಈ ‘ಫ್ರೇಸಲ್ ವರ್ಬ್’ಗಳು ತಲೆಗೆ ಹತ್ತಿರಲಿಲ್ಲ.

ಒಂದು ಕ್ರಿಯಾಪದಕ್ಕೆ ಆಫ್, ಅಪ್, ಔಟ್‌ನಂಥ ಪುಟ್ಟ ಪದ ಸೇರಿದರೆ ಅರ್ಥವೇ ಬದಲಾಗುತ್ತೆ. ಅದೂ ಒಂದೇ ಅರ್ಥವಲ್ಲ! ‘ಪಿಕ್ ಅಪ್’ ಅಂದ್ರೆ ಬಿದ್ದ ಪೆನ್ನು ಎತ್ತಿಕೊಳ್ಳೋದು, ಮಗುವನ್ನು ಸ್ಕೂಲಿನಿಂದ ಕರೆತರೋದು, ಭಾಷೆಯನ್ನು ಕೇಳಿ ಕೇಳಿ ಕಲಿಯೋದು. ಶೂ ಬಿಚ್ಚಿದರೂ ‘ಟೇಕ್ ಆಫ್’, ವಿಮಾನ ಮೇಲೇರಿದರೂ ‘ಟೇಕ್ ಆಫ್’.

ಬೇಜಾರಿನಲ್ಲಿದ್ದಾಗ ಊರಿಂದ ಅವ್ವನ ಫೋನ್ ಬಂತು. “ಬೋರ್‌ವೆಲ್ ಕೈ ಕೊಡ್ತು ನೋಡವ್ವ” ಅಂದಳು. ಥಟ್ಟನೆ ಹೊಳೆಯಿತು. ಬೋರ್‌ವೆಲ್‌ಗೆ ಕೈ ಎಲ್ಲಿದೆ? ‘ಕೈ ಹಿಡಿದ’ ಅಂದ್ರೆ ಮದುವೆಯಾದ ಅಂತ. ‘ಬೆಳೆ ಕೈ ಹಿಡೀತು’ ಅಂದ್ರೆ ಕಾಪಾಡಿತು ಅಂತ. ಇವನ್ನೆಲ್ಲ ನಾವು ಪುಸ್ತಕ ನೋಡಿ ಕಲಿತೆವಾ? ಮಾತಿನ ಸಂದರ್ಭದಿಂದಲೇ ಕಲಿತದ್ದು. ಇಂಗ್ಲಿಷನ್ನೂ ಹಾಗೇ ಕಲಿಯಬಹುದಲ್ವಾ?

ನೀವೂ ಹೀಗೆ ಮಾಡಿ ನೋಡಿ:

* ಎರಡು ಪದ ಬಿಡಿಸಿ ಅರ್ಥ ಹುಡುಕಬೇಡಿ. ಜೋಡಿಯನ್ನು ಒಂದೇ ಪದ ಅಂದುಕೊಳ್ಳಿ.

* ‘ಲುಕ್ ಫಾರ್’ (ಹುಡುಕು), ‘ಲುಕ್ ಆಫ್ಟರ್’ (ನೋಡಿಕೊಳ್ಳು) ಎಲ್ಲವನ್ನೂ ಒಟ್ಟಿಗೆ ಬಾಯಿಪಾಠ ಮಾಡಿದರೆ ಕಲಸುಮೇಲೋಗರ ಆಗುತ್ತೆ. ದಿನಕ್ಕೊಂದು ಸಾಕು.

* ಮನೆಯ ಮಾತಿನಲ್ಲೇ ವಾಕ್ಯ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ‘ಟರ್ನ್ ಆಫ್ ದ ಗ್ಯಾಸ್’ ಸರಿ. ‘ಅದನ್ನು ಆರಿಸು’ ಅನ್ನೋವಾಗ ‘ಇಟ್’ ನಡುವೆ ಬರಬೇಕು: ‘ಟರ್ನ್ ಇಟ್ ಆಫ್’.

* ಗೊತ್ತಾಗದಿದ್ದರೆ ಮಕ್ಕಳನ್ನೇ ಕೇಳಿ. ನಾಚಿಕೆ ಬೇಡ.

ಮೊನ್ನೆ ಡೈರಿಯಲ್ಲಿ ‘ಸ್ಪೋರ್ಟ್ಸ್ ಡೇ ಪುಟ್ ಆಫ್’ ಅಂತಿತ್ತು. “ಮುಂದಕ್ಕೆ ಹಾಕಿದ್ದಾರೆ ಕಣೋ, ಕ್ಯಾನ್ಸಲ್ ಅಲ್ಲ” ಅಂದೆ. ಮಗ ಕಣ್ಣರಳಿಸಿ ನೋಡಿದ. ಈಗ ಡೈರಿ ಮತ್ತೆ ನನ್ನ ಹತ್ತಿರವೇ ಬರ್ತಿದೆ!