ಹೊಟ್ಟೆಯೊಳಗೆ ಇಳಿಯುವ ಕೊಳವೆಯ ಶುಚಿ

ಬಹುದಿನದ ಹೊಟ್ಟೆನೋವು, ರಕ್ತವಾಂತಿ, ಅನ್ನ ನುಂಗಲು ಕಷ್ಟ ಎಂದು ದೊಡ್ಡ ಆಸ್ಪತ್ರೆಗೆ ಹೋದವರಿಗೆ ಡಾಕ್ಟರು ಎಂಡೋಸ್ಕೋಪಿ ಮಾಡಿಸಬೇಕೆಂದು ಹೇಳುವುದುಂಟು. ಬಾಯಿಯಿಂದ ಜಠರದವರೆಗೆ ಬೆರಳು ಗಾತ್ರದ ಬಳುಕುವ ಕೊಳವೆಯನ್ನು ಇಳಿಸಿ, ತುದಿಯಲ್ಲಿನ ಬೆಳಕು ಮತ್ತು ಕ್ಯಾಮೆರಾದ ಸಹಾಯದಿಂದ ಒಳಗಿನ ಹುಣ್ಣು, ಗಂಟುಗಳನ್ನು ನೋಡುವ ಪರೀಕ್ಷೆ ಇದು. 1957ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಡಾ. ಬೇಸಿಲ್ ಹಿರ್ಷೋವಿಟ್ಸ್ ಎಂಬವರು ಗಾಜಿನ ಎಳೆಗಳಿಂದ ಮಾಡಿದ ಇಂಥ ಕೊಳವೆಯನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. ಅಲ್ಲಿಂದೀಚೆಗೆ ಹೊಟ್ಟೆ ಕೊಯ್ಯದೆ ರೋಗ ತಿಳಿಯುವುದು ಸುಲಭವಾಯಿತು.

ಈ ಕೊಳವೆ ಬಹಳ ಬೆಲೆಯುಳ್ಳದ್ದು. ಇಂಜೆಕ್ಷನ್ ಸೂಜಿಯಂತೆ ಒಮ್ಮೆ ಬಳಸಿ ಎಸೆಯುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಬೆಳಗ್ಗೆ ಮತ್ತೊಬ್ಬರ ಹೊಟ್ಟೆಗೆ ಇಳಿದಿದ್ದ ಕೊಳವೆಯೇ ಮಧ್ಯಾಹ್ನ ನಿಮ್ಮ ಹೊಟ್ಟೆಗೂ ಇಳಿಯಬಹುದು. ಇದನ್ನು ಕೇಳಿ ಪರೀಕ್ಷೆಗೆ ಹೆದರಬೇಕಾಗಿಲ್ಲ. ಕ್ರಮವಾಗಿ ಶುಚಿ ಮಾಡಿದ ಕೊಳವೆಯಿಂದ ರೋಗ ಅಂಟುವುದು ಬಹಳ ಅಪರೂಪ. ಆದರೆ ಆ ಕ್ರಮ ಏನೆಂಬುದು ನಿಮಗೆ ಗೊತ್ತಿರುವುದು ಒಳ್ಳೆಯದು.

ಕುದಿಸಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಆಗದು. ಕೊಳವೆಯ ಮೇಲಿನ ರಬ್ಬರಿನಂಥ ಹೊದಿಕೆ, ಅಂಟು, ಒಳಗಿನ ಕ್ಯಾಮೆರಾ ಇವು ಅಷ್ಟು ಬಿಸಿ ತಾಳುವುದಿಲ್ಲ. ಆದುದರಿಂದ ಔಷಧಿಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಗ್ಲುಟರಾಲ್ಡಿಹೈಡ್ ಎಂಬುದು ಇದರಲ್ಲಿ ಹಳೆಯದು. ನೂರಕ್ಕೆ 2 ಪಾಲಿನ ದ್ರಾವಣದಲ್ಲಿ 20 ನಿಮಿಷ ಇಡುವುದು ಅನೇಕ ಕಡೆ ರೂಢಿ.

ಔಷಧಿಯೇ ಎಲ್ಲವನ್ನೂ ಮಾಡುತ್ತದೆಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು. ಹಾಲು ಕಾಯಿಸಿದ ಪಾತ್ರೆಯನ್ನು ತೊಳೆಯದೆ ಒಣಗಲು ಬಿಟ್ಟರೆ ಏನಾಗುತ್ತದೆಂಬುದು ಮನೆಯ ಹೆಂಗಸರಿಗೆ ಗೊತ್ತೇ ಇದೆ. ಆಮೇಲೆ ಎಷ್ಟು ಬಿಸಿನೀರು ಹುಯ್ದರೂ ಹತ್ತಿದ್ದು ಬಿಡದು, ತಿಕ್ಕಲೇಬೇಕು. ಕೊಳವೆಯ ಒಳಗೂ ಒಂದು ಸಣ್ಣ ನಾಳವಿದೆ, ಅಗಲ 3 ಮಿಲಿಮೀಟರಿಗೂ ಕಡಿಮೆ, ಉದ್ದ ಒಂದು ಮೀಟರಿಗೂ ಹೆಚ್ಚು. ಅದರಲ್ಲಿ ರಕ್ತ, ಲೋಳೆ ಒಣಗಿದರೆ ಕೆರೆಯ ಕಲ್ಲಿಗೆ ಪಾಚಿ ಹಿಡಿದಂತೆ ಕ್ರಿಮಿಗಳ ಪದರ ಕಟ್ಟುತ್ತದೆ. ಅದರ ಅಡಿಯಲ್ಲಿರುವ ಕ್ರಿಮಿಗೆ ಔಷಧಿ ತಲುಪುವುದಿಲ್ಲ. ಅಷ್ಟೇ ಅಲ್ಲ, ಗ್ಲುಟರಾಲ್ಡಿಹೈಡು ಉಳಿದ ಕೊಳೆಯನ್ನು ಇನ್ನಷ್ಟು ಗಟ್ಟಿಯಾಗಿ ಅಂಟಿಸಿಬಿಡುತ್ತದೆ.

ಆದುದರಿಂದ ಕೊಳವೆ ಹೊರಬಂದ ಕೂಡಲೇ, ರೋಗಿಯ ಮಂಚದ ಪಕ್ಕದಲ್ಲೇ ಅದನ್ನು ಒರೆಸಿ, ನಾಳದಲ್ಲಿ ಸೋಪಿನ ನೀರನ್ನು ಎಳೆಯಬೇಕು. ನಂತರ ಒಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ತೂತು ಇದೆಯೇ ಎಂದು ನೋಡುತ್ತಾರೆ, ಸೈಕಲ್ ಅಂಗಡಿಯವನು ಪಂಕ್ಚರ್ ಹುಡುಕುವ ಹಾಗೆಯೇ. ಆಮೇಲೆ ಉದ್ದನೆಯ ಬ್ರಷ್ಷನ್ನು ನಾಳದೊಳಗೆ ತೂರಿಸಿ, ಬ್ರಷ್ಷಿನಲ್ಲಿ ಕೊಳೆ ಕಾಣದಾಗುವವರೆಗೆ ತಿಕ್ಕಬೇಕು. ತೊಳೆಯುವ ಯಂತ್ರಗಳು ಬಂದಿವೆ. ಯಂತ್ರವಿದ್ದರೂ ಈ ಕೈಕೆಲಸ ತಪ್ಪದು. ಔಷಧಿಯ ಸರದಿ ಇಷ್ಟಾದ ಮೇಲೆಯೇ. ಕೊನೆಗೆ ಶುದ್ಧ ನೀರಿನಲ್ಲಿ ಜಾಲಿಸಿ, ನಾಳದಲ್ಲಿ ಸ್ಪಿರಿಟ್ ಮತ್ತು ಗಾಳಿ ಹಾಯಿಸಿ ಒಣಗಿಸಿ, ನೇರವಾಗಿ ತೂಗುಹಾಕಿಡಬೇಕು. ತೇವ ಉಳಿದರೆ ರಾತ್ರಿ ಬೆಳಗಾಗುವುದರಲ್ಲಿ ಕ್ರಿಮಿ ಮತ್ತೆ ಹೆಚ್ಚುತ್ತದೆ.

ಇಷ್ಟಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹೊರಗೆ ಬೆಂಚಿನ ಮೇಲೆ ಹಸಿದು ಕುಳಿತವರಿಗೆ ಇದು ಕಾಣುವುದಿಲ್ಲ. "ಒಳಗೆ ಯಾರೂ ಇಲ್ಲ, ನಮ್ಮನ್ನು ಯಾಕೆ ಕರೆಯುವುದಿಲ್ಲ?" ಎಂದು ದಾದಿಯ ಮೇಲೆ ರೇಗುತ್ತಾರೆ. ದಯವಿಟ್ಟು ಹಾಗೆ ಅವಸರಪಡಿಸಬೇಡಿ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಬ್ರಷ್ಷಿನ ಕೆಲಸವೇ. ಬೇಕಾದರೆ, "ಅಮ್ಮಾ, ಕೊಳವೆ ತೊಳೆದು ಔಷಧಿಯಲ್ಲಿ ಇಟ್ಟಿದ್ದಾಯಿತೇ?" ಎಂದು ಮರ್ಯಾದೆಯಿಂದ ಕೇಳಿ. ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ಆಸ್ಪತ್ರೆಯವರು ಬೇಸರಿಸುವುದಿಲ್ಲ.

ಪಿತ್ತನಾಳದ ಕಲ್ಲು ತೆಗೆಯುವ ಕೊಳವೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರ ತುದಿಯಲ್ಲಿ ಏಳುವ ಬೀಳುವ ಒಂದು ಸಣ್ಣ ತುಂಡು ಇರುತ್ತದೆ, ಅದರ ಸಂದಿಗೆ ಬ್ರಷ್ಷು ಸರಿಯಾಗಿ ಹೋಗದು. 2014-15ರಲ್ಲಿ ಲಾಸ್ ಏಂಜಲೀಸ್ ನಗರದ ಒಂದು ಹೆಸರಾಂತ ಆಸ್ಪತ್ರೆಯಲ್ಲಿ ಇಂಥ ಕೊಳವೆಯಿಂದ 7 ಮಂದಿಗೆ ಔಷಧಿಗೆ ಬಗ್ಗದ ಕ್ರಿಮಿ ಅಂಟಿತು; ಅವರಲ್ಲಿ ಇಬ್ಬರ ಸಾವಿಗೆ ಅದೂ ಒಂದು ಕಾರಣವಾಯಿತು. ಆಸ್ಪತ್ರೆಯವರು ಕಂಪನಿ ಹೇಳಿದ ಕ್ರಮದಲ್ಲೇ ತೊಳೆದಿದ್ದೆವು ಎಂದರು. ತುದಿಯ ಭಾಗವನ್ನಾದರೂ ಒಮ್ಮೆ ಬಳಸಿ ಎಸೆಯುವಂಥ ಕೊಳವೆಗಳಿಗೆ ಬದಲಾಯಿಸಬೇಕೆಂದು 2019ರಲ್ಲಿ ಅಮೆರಿಕದ ಸರ್ಕಾರಿ ಇಲಾಖೆ ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿತು.

ಪರೀಕ್ಷೆಯಾಗಿ ಊರಿಗೆ ಬಂದ ಮೇಲೆ ಚಳಿಜ್ವರ, ಹೆಚ್ಚುವ ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಕಂಡುಬಂದರೆ ಕಷಾಯ ಕುಡಿದು ಕಾಯಬೇಡಿ. ಆಸ್ಪತ್ರೆಯ ಚೀಟಿ ಹಿಡಿದು ಕೂಡಲೇ ಹಿಂದಿರುಗಿ, ಯಾವ ದಿನ ಯಾವ ಕೊಳವೆ ಹಾಕಿದ್ದರೆಂಬುದನ್ನು ಡಾಕ್ಟರಿಗೆ ಮೊದಲು ತಿಳಿಸಿ.