ಚಿತ್ರಕಥೆ ಯಾರ ಸ್ವತ್ತು?

1966ರ ‘ನಾಯಕ್’ ಚಿತ್ರಕ್ಕೆ ಹಣ ಹಾಕಿದವರು ನಿರ್ಮಾಪಕ ಆರ್.ಡಿ. ಬನ್ಸಲ್; ಚಿತ್ರಕಥೆ ಬರೆದು ನಿರ್ದೇಶಿಸಿದವರು ಸತ್ಯಜಿತ್ ರಾಯ್. ಐವತ್ತು ವರ್ಷ ಕಳೆದ ಮೇಲೆ ಭಾಸ್ಕರ್ ಚಟ್ಟೋಪಾಧ್ಯಾಯ ಆ ಚಿತ್ರಕಥೆಯನ್ನು ಇಂಗ್ಲಿಷ್ ಕಾದಂಬರಿಯಾಗಿಸಿದರು, ಹಾರ್ಪರ್‌ಕಾಲಿನ್ಸ್ ಅದನ್ನು ಪ್ರಕಟಿಸಿತು. ಬನ್ಸಲ್ ಕುಟುಂಬ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಸಿನಿಮಾ ನಮ್ಮದು, ಹಾಗಾಗಿ ಚಿತ್ರಕಥೆಯೂ ನಮ್ಮದೇ ಎಂಬುದು ಅವರ ವಾದ.

2023ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಸಿ. ಹರಿಶಂಕರ್ ಈ ವಾದವನ್ನು ಒಪ್ಪಲಿಲ್ಲ. ಸಿನಿಮಾದ ಹಕ್ಕು ನಿರ್ಮಾಪಕರದ್ದೇ, ಆದರೆ ಚಿತ್ರಕಥೆ ಪ್ರತ್ಯೇಕ ಸಾಹಿತ್ಯ ಕೃತಿ. ರಾಯ್ ಸಂಬಳದ ನೌಕರರಾಗಿರಲಿಲ್ಲ, ಆದ್ದರಿಂದ ಅದರ ಮೊದಲ ಒಡೆತನ ಅವರದು ಎಂದರು. ರಾಯ್ ತೀರಿಕೊಂಡ ಮೇಲೆ ಆ ಹಕ್ಕು ಮಗ ಸಂದೀಪ್ ರಾಯ್ ಮತ್ತು ರಾಯ್ ಸಂಗ್ರಹವನ್ನು ಕಾಪಾಡುವ ಸೊಸೈಟಿಯ ಪಾಲಾಗಿತ್ತು.

ಸಿನಿಮಾಕ್ಕೆ ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕಾದ ತೀರ್ಪು ಇದು. ಹಕ್ಕು ಹುಟ್ಟುವುದು ಬರೆದವರ ಕೈಯಲ್ಲೇ. ಅದು ಕೈಬಿಟ್ಟು ಹೋಗುವುದು ಸಾಮಾನ್ಯವಾಗಿ ಅಗ್ರಿಮೆಂಟಿಗೆ ಸಹಿ ಬಿದ್ದಾಗ.

ಅಡ್ವಾನ್ಸ್ ಚೆಕ್ಕಿನ ಜೊತೆಗೆ ಬರುವ ಕಾಗದದಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ, ಎಲ್ಲ ಮಾಧ್ಯಮಗಳಿಗೆ’ ಎಂಬ ಸಾಲು ಇದೆಯೇ ಎಂದು ಮೊದಲು ನೋಡಬೇಕು. ರೀಮೇಕ್, ಡಬ್ಬಿಂಗ್, ವೆಬ್ ಸರಣಿ, ಪುಸ್ತಕ ಎಲ್ಲವೂ ಆ ಒಂದೇ ಸಾಲಿನಲ್ಲಿ ಹೋಗಿಬಿಡಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ.

ಕಾಗದಕ್ಕಿಂತ ಮೊದಲಿನ ಹಂತ ಇನ್ನೂ ಸೂಕ್ಷ್ಮವಾದದ್ದು. ಗಾಂಧಿನಗರದಲ್ಲಾಗಲಿ ಮುಂಬೈಯಲ್ಲಾಗಲಿ ಕಥೆಗಾರ ನಿರ್ಮಾಪಕರೆದುರು ಕೂತು ಬಾಯಲ್ಲೇ ಕಥೆ ಹೇಳುತ್ತಾನೆ. ನಾಟಕಕಾರ ಆರ್.ಜಿ. ಆನಂದ್ ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ನಿರ್ದೇಶಕ ಮೋಹನ್ ಸೆಹಗಲ್‌ಗೆ ಹಾಗೆಯೇ ಕೇಳಿಸಿದ್ದರು. ಆಮೇಲೆ ಬಂದ ‘ನ್ಯೂ ದೆಲ್ಲಿ’ (1956) ಚಿತ್ರದಲ್ಲೂ ಪ್ರಾಂತೀಯ ಭೇದದ ವಸ್ತುವೇ ಇತ್ತು. ಆನಂದ್ ಸುಪ್ರೀಂ ಕೋರ್ಟ್‌ವರೆಗೂ ಹೋದರು, 1978ರಲ್ಲಿ ಸೋತರು. ವಿಚಾರಕ್ಕೆ, ವಸ್ತುವಿಗೆ ಯಾರೂ ಒಡೆಯರಲ್ಲ. ಅದನ್ನು ಹೇಳಿದ ರೀತಿ, ಕಟ್ಟಿದ ದೃಶ್ಯಗಳಿಗೆ ಮಾತ್ರ ರಕ್ಷಣೆ ಎಂದಿತು ಕೋರ್ಟ್. ಒನ್‌ಲೈನ್ ಹೇಳಿ ಬರುವವರಿಗಿಂತ ದೃಶ್ಯ, ಸಂಭಾಷಣೆ ಸಮೇತ ಬರೆದಿಟ್ಟು, ಕಳಿಸಿದ ಇಮೇಲ್ ಉಳಿಸಿಕೊಂಡವರ ಕೈ ಗಟ್ಟಿ. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯವಾದರೆ ಅದು ಸಾಕ್ಷ್ಯ.

ಹೆಸರಿನ ಪ್ರಶ್ನೆಯೂ ಇದೆ. ತನ್ನ ಕಾದಂಬರಿ ಆಧರಿಸಿದ 2009ರ ‘3 ಈಡಿಯಟ್ಸ್’ ಚಿತ್ರದಲ್ಲಿ ತನ್ನ ಹೆಸರು ಕೊನೆಯಲ್ಲಿ ಬಂತೆಂದು ಕಾದಂಬರಿಕಾರ ಚೇತನ್ ಭಗತ್ ಆಕ್ಷೇಪಿಸಿದರು, ಕರಾರಿನಲ್ಲೇ ಹಾಗಿದೆ ಎಂದರು ನಿರ್ಮಾಪಕರು. ಟೈಟಲ್ ಕಾರ್ಡ್ ಎಲ್ಲಿ ಬರಬೇಕೆಂಬುದನ್ನೂ ಬರೆಸಿಕೊಳ್ಳಬೇಕು. ಆದರೆ ಹಕ್ಕು ಮಾರಿದ ಮೇಲೂ, ಹೆಸರಿಗೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ಲೇಖಕರು ಅದೇ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಡಿ ಪ್ರಶ್ನಿಸಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ.

ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಬರಹಗಾರರಿಗೆ ದೊಡ್ಡ ಬಲ. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಿಂದ ಸಲ್ಲುವ ರಾಯಧನದಲ್ಲಿ ಅವರಿಗೆ ಸಮಪಾಲಿದೆ. ಅದನ್ನು ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡ ಕರಾರು ಊರ್ಜಿತವಲ್ಲ.